ಕಾಲು ಮಡಿಸಲಾಗದವರಿಗೆ ಆಸನವಿಲ್ಲವೇ?

ಪ್ರಶ್ನೆ: ನಮ್ಮ ಯಜಮಾನರಿಗೆ 68 ವರ್ಷ. ಉಪನಯನವಾದಾಗಿನಿಂದ ಸಂಧ್ಯಾವಂದನೆ ಬಿಟ್ಟವರಲ್ಲ. ಬ್ಯಾಂಕಿನ ಕೆಲಸದಲ್ಲಿ ಊರೂರು ವರ್ಗವಾದಾಗಲೂ ಬಿಡಲಿಲ್ಲ. ಕಳೆದ ವರ್ಷ ಎರಡೂ ಮಂಡಿಗೆ ಆಪರೇಷನ್ ಆಗಿ ಕೃತಕ ಕೀಲು ಹಾಕಿದ್ದಾರೆ. ನೆಲದ ಮೇಲೆ ಕೂರಬಾರದು, ಚಕ್ಕಳಮಕ್ಕಳ ಹಾಕಲೇಬಾರದು ಅಂತ ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ. ಕುರ್ಚಿಯ ಮೇಲೆ ಕೂತು ಮಾಡಿ ಅಂದರೆ, "ಆಸನವೇ ಇಲ್ಲದ ಮೇಲೆ ಅದೆಂಥಾ ಜಪ" ಅಂತಾರೆ. ಅವರ ಅಕ್ಕನವರು ಬಂದಾಗ, ಆಸನವಿಲ್ಲದೆ ಮಾಡಿದ ಜಪ ರಾಕ್ಷಸರ ಪಾಲಾಗುತ್ತೆ ಅಂದುಬಿಟ್ಟರು. ಯೋಗದ ತರಗತಿಗೆ ಹೋಗುವ ಮಗನೂ, ಪದ್ಮಾಸನ ಬಾರದವರಿಗೆ ಧ್ಯಾನ ಕೂಡಿ ಬರೋದಿಲ್ಲ ಅಂತಾನೆ. ಹತ್ತು ತಿಂಗಳಿಂದ ಎಲ್ಲ ನಿಂತಿದೆ. ಸಂಜೆ ಆ ಹೊತ್ತಿಗೆ ಸುಮ್ಮನೆ ಟಿವಿ ಮುಂದೆ ಕೂತಿರ್ತಾರೆ, ನೋಡೋದೂ ಇಲ್ಲ. ಪರಿಚಿತ ಜ್ಯೋತಿಷಿಗಳೊಬ್ಬರು ಇದು ಶನಿಯ ಬಾಧೆ, ಶಾಂತಿ ಮಾಡಿಸಿ ಅಂದಿದ್ದಾರೆ. ಏನು ಮಾಡುವುದು?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ತಾಯಿ, ಮೊದಲು ಉತ್ತರ ಹೇಳಿಬಿಡ್ತೇನೆ, ಕಾರಣ ಆಮೇಲೆ. ಈ ಸಂಚಿಕೆ ನಿಮ್ಮ ಕೈಗೆ ಬಂದ ದಿನ ಸಂಜೆಯೇ ಯಜಮಾನರು ಕುರ್ಚಿಯ ಮೇಲೆ ಕೂತು ಸಂಧ್ಯಾವಂದನೆ ಮಾಡಲಿ. ಒಳ್ಳೆಯ ದಿನ, ತಾರಾಬಲ ನೋಡಬೇಕಾದ ಕೆಲಸ ಇದಲ್ಲ. ಹೊಸ ಯಜ್ಞೋಪವೀತ ಧರಿಸಿ, ಬಿಟ್ಟ ದಿನಗಳಿಗಾಗಿ ಯಥಾಶಕ್ತಿ ಗಾಯತ್ರಿಯನ್ನು ಹೆಚ್ಚಾಗಿ ಜಪಿಸಿದರೆ ಸಾಕು. ಆಸನ ಇಲ್ಲ ಅಂತ ಅವರು ಅಂದುಕೊಂಡಿದ್ದಾರಲ್ಲ, ಆ ಮಾತನ್ನೇ ಈಗ ವಿಚಾರ ಮಾಡೋಣ. ನಿಮ್ಮ ಮನೆಯದೊಂದೇ ಪ್ರಶ್ನೆ ಅಲ್ಲ ಇದು. ಈಚೆಗೆ ನನಗೆ ಬರುವ ಕಾಗದಗಳಲ್ಲಿ ಮಂಡಿಯ ವಿಷಯ ಇಲ್ಲದವು ಕಡಿಮೆ.

'ಆಸ್' ಅನ್ನುವ ಧಾತುವಿಗೆ ಕುಳಿತುಕೊಳ್ಳುವುದು ಅಂತ ಅರ್ಥ. ಅದರಿಂದ ಹುಟ್ಟಿದ ಆಸನ ಶಬ್ದಕ್ಕೆ ಕೂರುವ ರೀತಿ ಎಂದೂ ಆಗುತ್ತದೆ, ಯಾವುದರ ಮೇಲೆ ಕೂರುತ್ತೇವೋ ಆ ವಸ್ತು ಎಂದೂ ಆಗುತ್ತದೆ. ಷೋಡಶೋಪಚಾರ ಪೂಜೆಯಲ್ಲಿ ಆವಾಹನೆ ಆದ ಕೂಡಲೇ ದೇವರಿಗೆ ಆಸನ ಸಮರ್ಪಿಸುತ್ತೇವೆ. ಅಲ್ಲಿ ನಾವು ದೇವರಿಗೆ ಪದ್ಮಾಸನ ಹಾಕು ಅಂತ ಹೇಳುತ್ತಿಲ್ಲವಷ್ಟೆ. ಬಂದವನಿಗೆ ಕೂರಲು ಪೀಠ ಕೊಡುತ್ತಿದ್ದೇವೆ. ಇವತ್ತು ಆಸನ ಅಂದರೆ ಜನರ ಕಣ್ಣಿಗೆ ಬರುವುದು ಗೋಡೆಯ ಮೇಲೆ ಹಾಕಿದ ಚಿತ್ರಪಟ, ಅದರಲ್ಲಿ ತಲೆಕೆಳಗಾಗಿ ನಿಂತವರು, ಬಿಲ್ಲಿನಂತೆ ಬಾಗಿದವರು. ಅದೂ ಆಸನವೇ, ಅಲ್ಲ ಅನ್ನುತ್ತಿಲ್ಲ. ಆದರೆ ಅದು ಎಲ್ಲಿಂದ ಬಂತು, ಯಾತಕ್ಕೆ ಬಂತು ಅಂತ ತಿಳಿಯದೆ ಹೋದರೆ ನಿಮ್ಮ ಮನೆಯಲ್ಲಿ ಆದ ಹಾಗೆ ಆಗುತ್ತದೆ.

ಯೋಗಕ್ಕೆ ಮೂಲಗ್ರಂಥ ಪತಂಜಲಿ ಮಹರ್ಷಿಗಳ ಯೋಗಸೂತ್ರ. ಒಟ್ಟು 195 ಸೂತ್ರಗಳು, ಪಾಠಭೇದದಲ್ಲಿ 196. ಅಷ್ಟಾಂಗಗಳಲ್ಲಿ ಮೂರನೆಯದಾದ ಆಸನದ ಲಕ್ಷಣ ಹೇಳಲು ಮಹರ್ಷಿಗಳು ತೆಗೆದುಕೊಂಡದ್ದು ಮೂರೇ ಸೂತ್ರ, ಎರಡನೆಯ ಪಾದದಲ್ಲಿ. ಅಲ್ಲಿ ಒಂದು ಆಸನದ ಹೆಸರೂ ಇಲ್ಲ. ಕಾಲನ್ನು ಹೀಗೆ ಮಡಿಸು, ಹಿಮ್ಮಡಿಯನ್ನು ಅಲ್ಲಿಡು ಅಂತ ಏನೂ ಇಲ್ಲ. ಅಲುಗದೆ, ನೋವಿಲ್ಲದೆ ಇರುವುದು ಆಸನ ಅಂತ ಮೊದಲನೆಯದರಲ್ಲಿ ಹೇಳುತ್ತಾರೆ. ಅದು ಸಿದ್ಧಿಸುವುದು ಹೇಗೆ ಅಂತ ಎರಡನೆಯದರಲ್ಲಿ: ಕೂರುವುದಕ್ಕೆ ಪಡುವ ಪ್ರಯತ್ನ ಸಡಿಲವಾಗಬೇಕು, ಮನಸ್ಸು ಅನಂತನಲ್ಲಿ ನೆಲೆಸಬೇಕು. ಮೂರನೆಯದರಲ್ಲಿ ಫಲ: ಹಾಗೆ ಕೂತವನನ್ನು ಚಳಿ ಸೆಖೆ ಮುಂತಾದ ದ್ವಂದ್ವಗಳು ಕಾಡುವುದಿಲ್ಲ. ಆಮೇಲೆ ನೇರವಾಗಿ ಪ್ರಾಣಾಯಾಮಕ್ಕೆ ಹೋಗಿಬಿಡುತ್ತಾರೆ.

ಈ ಅನಂತ ಯಾರು? ವಾಚಸ್ಪತಿ ಮಿಶ್ರರು ತಮ್ಮ ವ್ಯಾಖ್ಯಾನದಲ್ಲಿ ಆದಿಶೇಷ ಅಂತ ಹೇಳುತ್ತಾರೆ. ಸಾವಿರ ಹೆಡೆಗಳ ಮೇಲೆ ಭೂಮಂಡಲವನ್ನು ಹೊತ್ತು ಅಲುಗದೆ ಇರುವವನು. ಈಗ ನಿಮ್ಮ ಯಜಮಾನರು ಅಷ್ಟು ವರ್ಷ ಪೂಜೆಯಲ್ಲಿ ಮಾಡಿಕೊಂಡು ಬಂದದ್ದನ್ನು ನೆನಪಿಸಿಕೊಳ್ಳಲಿ. ಪೂಜೆಗೆ ಮುಂಚೆ ಆಸನಶುದ್ಧಿ ಅಂತ ಇದೆಯಲ್ಲ? ಆ ಮಂತ್ರಕ್ಕೆ ಮೇರುಪೃಷ್ಠ ಋಷಿ, ಸುತಲ ಛಂದಸ್ಸು, ಕೂರ್ಮ ದೇವತೆ. ಅದರಲ್ಲಿ ನಾವು ಭೂಮಿತಾಯಿಯನ್ನು ಬೇಡಿಕೊಳ್ಳುವುದು ಇಷ್ಟು: ಅಮ್ಮಾ, ನೀನು ಲೋಕವನ್ನೆಲ್ಲ ಹೊತ್ತಿದ್ದೀಯ, ನಿನ್ನನ್ನು ವಿಷ್ಣು ಹೊತ್ತಿದ್ದಾನೆ, ನನ್ನನ್ನೂ ಹೊತ್ತುಕೋ, ನಾನು ಕೂತ ಜಾಗವನ್ನು ಶುದ್ಧ ಮಾಡು. ಅದಾದ ಮೇಲೆ ಅನಂತಾಸನ, ಕೂರ್ಮಾಸನ ಅಂತ ಹೆಸರು ಹೇಳಿ ನಮಸ್ಕರಿಸುವ ಸಂಪ್ರದಾಯವೂ ಇದೆ. ಅಂದರೆ ನಾನು ಕೂತದ್ದು ಮಣೆಯ ಮೇಲೆ, ಮಣೆ ಭೂಮಿಯ ಮೇಲೆ, ಭೂಮಿಯನ್ನು ಹೊತ್ತವರು ಅನಂತ, ಕೂರ್ಮ. ಎಲ್ಲಕ್ಕಿಂತ ಕೆಳಗೆ ಅಲುಗಾಡದವನೊಬ್ಬ ಇದ್ದಾನೆ. ಆದ್ದರಿಂದ ಮೇಲೆ ಕೂತ ನಾನೂ ಅಲುಗದೆ ಇರಬಲ್ಲೆ. ಯೋಗಶಾಸ್ತ್ರ ಹೇಳಿದ್ದನ್ನೇ ನಮ್ಮ ಪೂಜಾಪದ್ಧತಿ ದಿನಾ ಮಾಡಿಸುತ್ತಿದೆ. ಮಧ್ಯೆ ಒಂದು ಕುರ್ಚಿ ಬಂದ ಮಾತ್ರಕ್ಕೆ ಭೂಮಿ ಹೊರುವುದನ್ನು ಬಿಟ್ಟುಬಿಡುತ್ತಾಳೆಯೇ? ನೀವು ಐದನೇ ಮಹಡಿಯ ಫ್ಲ್ಯಾಟಿನಲ್ಲಿದ್ದರೆ ನೆಲದ ಮೇಲೆ ಕೂತರೂ ಭೂಮಿಯಿಂದ ಐವತ್ತು ಅಡಿ ಮೇಲೇ ಕೂತ ಹಾಗಾಯಿತು. ಅದಕ್ಕೆ ನಾವು ಯಾರೂ ಜಪ ಬಿಟ್ಟಿಲ್ಲವಲ್ಲ.

ಇನ್ನು ಕೂರುವುದೇ ಯಾಕೆ ಅಂತ. ಇದನ್ನು ಬ್ರಹ್ಮಸೂತ್ರದ ನಾಲ್ಕನೇ ಅಧ್ಯಾಯದ ಮೊದಲ ಪಾದದಲ್ಲಿ ಚರ್ಚೆ ಮಾಡಿದ್ದಾರೆ. ಉಪಾಸನೆಯನ್ನು ಕೂತೇ ಮಾಡಬೇಕು ಅಂತ ನಿರ್ಣಯ. ಶಂಕರ ಭಗವತ್ಪಾದರ ಭಾಷ್ಯದಲ್ಲಿ ಕಾರಣ ಬಹಳ ಸರಳವಾಗಿದೆ. ನಡೆಯುತ್ತಿದ್ದರೆ, ಓಡುತ್ತಿದ್ದರೆ ಚಿತ್ತ ಚದುರುತ್ತದೆ. ನಿಂತಿದ್ದರೆ ಬೀಳದಂತೆ ದೇಹವನ್ನು ಹಿಡಿದುಕೊಳ್ಳುವುದರಲ್ಲೇ ಮನಸ್ಸು ಇರುತ್ತದೆ. ಮಲಗಿದರೆ ಗೊತ್ತಿಲ್ಲದೆಯೇ ನಿದ್ರೆ ಬಂದುಬಿಡುತ್ತದೆ. ಕೂತರೆ ಈ ತೊಂದರೆಗಳಿಲ್ಲ. ಕೂರುವುದರಲ್ಲೇ ಏನೋ ಪವಾಡ ಇದೆ ಅಂತಲ್ಲ, ಮಿಕ್ಕ ಸ್ಥಿತಿಗಳಲ್ಲಿ ದೇಹ ಮನಸ್ಸನ್ನು ಕರೆಯುತ್ತಾ ಇರುತ್ತದೆ, ಕೂತಾಗ ಕರೆಯುವುದಿಲ್ಲ. ಮತ್ತೆ ಅದೇ ಪಾದದಲ್ಲಿ ಸ್ವಲ್ಪ ಮುಂದೆ, ಉಪಾಸನೆಗೆ ದಿಕ್ಕು, ದೇಶ, ಕಾಲಗಳ ನಿಯಮ ಏನು ಅನ್ನುವ ಪ್ರಶ್ನೆ ಬಂದಾಗ, ಎಲ್ಲಿ ಮನಸ್ಸು ಒಂದೆಡೆ ನಿಲ್ಲುತ್ತದೋ ಅಲ್ಲಿ ಮಾಡಬೇಕು, ಬೇರೆ ವಿಶೇಷ ನಿಯಮವಿಲ್ಲ ಅನ್ನುತ್ತಾರೆ.

ಈ ತರ್ಕವನ್ನು ಹಿಡಿದು ನಿಮ್ಮ ಯಜಮಾನರ ಮಂಡಿಗೆ ಬನ್ನಿ. ಹಟ ಮಾಡಿ ನೆಲದ ಮೇಲೆ ಕೂತರು ಅಂತಿಟ್ಟುಕೊಳ್ಳಿ. ಬಾಯಿ ಗಾಯತ್ರಿ ಹೇಳುತ್ತಿರುತ್ತದೆ, ಮನಸ್ಸು ಮಂಡಿಯ ಜಪ ಮಾಡುತ್ತಿರುತ್ತದೆ. ಎದ್ದೇಳುವುದು ಹೇಗೆ ಅಂತ ಹತ್ತನೇ ಗಾಯತ್ರಿಗೇ ಚಿಂತೆ ಶುರು. ಭಾಷ್ಯಕಾರರು ನಿಂತವನಿಗೆ ಹೇಳಿದ ದೋಷ ಆಗ ಕೂತವನಿಗೂ ಬಂತು. ಅದೇ ಕುರ್ಚಿಯ ಮೇಲೆ ಬೆನ್ನು ನೆಟ್ಟಗಿಟ್ಟು ಕೂತು, ದೇಹದ ನೆನಪೇ ಇಲ್ಲದ ಹಾಗೆ ನೂರೆಂಟು ಮುಗಿಸಿದರೆ ಅವರಿಗೆ ಆಸನಸಿದ್ಧಿ ಆಗಿದೆ ಅಂತಲೇ ನಾನು ಹೇಳುವುದು. ಪದ್ಮಾಸನ ಹಾಕಿ ನಿಮಿಷಕ್ಕೊಮ್ಮೆ ಗಡಿಯಾರ ನೋಡುವವರಿಗೆ ಆಗಿಲ್ಲ.

ಹಾಗಾದರೆ ಆಧಾರ ಹಿಡಿದು ಕೂರುವುದು ನಮ್ಮ ಕಾಲದ ಸಡಿಲಿಕೆಯೋ? ಅಲ್ಲ. ಯೋಗಸೂತ್ರಕ್ಕೆ ವ್ಯಾಸರ ಭಾಷ್ಯವಿದೆ, ಬಹಳ ಪ್ರಾಚೀನ. ಸೂತ್ರಕಾರರು ಹೇಳದೆ ಬಿಟ್ಟ ಹೆಸರುಗಳನ್ನು ಅವರು ಕೊಡುತ್ತಾರೆ: ಪದ್ಮಾಸನ, ವೀರಾಸನ, ಭದ್ರಾಸನ, ಸ್ವಸ್ತಿಕ, ದಂಡಾಸನ, ಕ್ರೌಂಚಪಕ್ಷಿ ಕೂತಂತೆ, ಆನೆ ಕೂತಂತೆ, ಒಂಟೆ ಕೂತಂತೆ. ಆ ಪಟ್ಟಿಯ ನಡುವೆ ಸೋಪಾಶ್ರಯ ಅಂತ ಒಂದು ಹೆಸರಿದೆ. ಉಪಾಶ್ರಯ ಅಂದರೆ ಆಧಾರ. ಆಧಾರದೊಡನೆ ಕೂರುವುದು ಸೋಪಾಶ್ರಯ. ಯೋಗಪಟ್ಟವನ್ನು ಕಟ್ಟಿಕೊಂಡು ಕೂರುವುದು ಅಂತ ವ್ಯಾಖ್ಯಾನಕಾರರು ಅದಕ್ಕೆ ಅರ್ಥ ಹೇಳುತ್ತಾರೆ. ಯೋಗಪಟ್ಟ ಹೇಗಿರುತ್ತದೆ ಅಂತ ನೋಡಬೇಕಾದರೆ ಮೇಲುಕೋಟೆಯ ಬೆಟ್ಟ ಹತ್ತಿ. (ನಿಮ್ಮ ಯಜಮಾನರು ಬೇಡ, ಮೆಟ್ಟಿಲು ಜಾಸ್ತಿ, ಚಿತ್ರ ನೋಡಿದರೂ ನಡೆಯುತ್ತದೆ.) ಅಲ್ಲಿ ಯೋಗನರಸಿಂಹಸ್ವಾಮಿ ಮಂಡಿಗಳನ್ನು ಎತ್ತಿ ಕೂತು, ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದಾನೆ. ಶಬರಿಮಲೆಯ ಅಯ್ಯಪ್ಪನ ಮೂರ್ತಿಯಲ್ಲೂ ಈ ಪಟ್ಟಿ ನೋಡಿರುತ್ತೀರಿ. ಹಿರಣ್ಯಕಶಿಪುವನ್ನು ಸೀಳಿದವನಿಗೆ ಕಾಲಿನಲ್ಲಿ ಶಕ್ತಿ ಇಲ್ಲದೆ ಪಟ್ಟಿ ಬೇಕಾಯಿತೇ? ದೀರ್ಘಕಾಲ ಸಮಾಧಿಯಲ್ಲಿ ಕೂರುವಾಗ ದೇಹವನ್ನು ಹಿಡಿದುಕೊಳ್ಳುವ ಕೆಲಸವನ್ನು ಮನಸ್ಸಿನಿಂದ ಇಳಿಸಿ ಪಟ್ಟಿಗೆ ಕೊಟ್ಟದ್ದು ಅದು. ನಿಮ್ಮ ಮನೆಯ ಕುರ್ಚಿಗೂ ಅದೇ ಕೆಲಸ.

ನಾವು ಪಾಠಶಾಲೆಯಲ್ಲಿದ್ದಾಗ ಬೆಳಗಿನ ಜಾವ ಸಂಥೆಗೆ ಕೂತರೆ ಎರಡು ಗಂಟೆ ಏಳುವ ಹಾಗಿರಲಿಲ್ಲ. ಬೆನ್ನು ಬಾಗಿದರೆ ಹಿಂದಿನಿಂದ ಗುರುಗಳ ಬೆರಳು ಬೆನ್ನಹುರಿಗೆ ತಾಗುತ್ತಿತ್ತು, ಬಾಯಿಂದ ಏನೂ ಹೇಳುತ್ತಿರಲಿಲ್ಲ. ಕಾಲಿನ ವಿಷಯ ಯಾರೂ ಕೇಳುತ್ತಿರಲಿಲ್ಲ. ನಮಗೆಲ್ಲ ಘನ ಹೇಳಿಕೊಡುತ್ತಿದ್ದ ಹಿರಿಯರೊಬ್ಬರು ವಾತದಿಂದ ಒಂದು ಕಾಲು ಚಾಚಿ, ಕಂಬಕ್ಕೆ ದಿಂಬು ಕೊಟ್ಟು ಒರಗಿ ಕೂರುತ್ತಿದ್ದರು. ಸ್ವರದಲ್ಲಿ ಕೂದಲೆಳೆ ವ್ಯತ್ಯಾಸ ಬಂದರೆ ಕಣ್ಣು ಮುಚ್ಚಿದ್ದ ಹಾಗೇ ಹಿಡಿಯುತ್ತಿದ್ದರು. ಶ್ವೇತಾಶ್ವತರ ಉಪನಿಷತ್ತಿನಲ್ಲೂ ಎತ್ತಿ ಹಿಡಿಯಬೇಕು ಅಂತ ಹೇಳಿರುವುದು ಎದೆ, ಕೊರಳು, ತಲೆ ಈ ಮೂರನ್ನು. ಗೀತೆಯ ಆರನೇ ಅಧ್ಯಾಯದಲ್ಲಿ ಭಗವಂತ ಅರ್ಜುನನಿಗೆ ಹೇಳುವಾಗಲೂ ದೇಹ, ತಲೆ, ಕೊರಳು ಒಂದೇ ನೇರದಲ್ಲಿ ಇರಲಿ ಅನ್ನುತ್ತಾನೆ. ನಿಯಮ ಇರುವುದು ಬೆನ್ನಿಗೆ. ಬೆನ್ನು ಬಾಗಿದರೆ ಉಸಿರು ಮೊಟಕಾಗುತ್ತದೆ, ಉಸಿರು ಮೊಟಕಾದರೆ ತೂಕಡಿಕೆ ಬರುತ್ತದೆ. ಆದ್ದರಿಂದ ಸೋಫಾದಲ್ಲಿ ಹೂತುಕೊಂಡು ಜಪ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಹಾಗಾದರೆ ಮಗ ಕಲಿಯುತ್ತಿರುವ ಅಷ್ಟೊಂದು ಆಸನಗಳು ಯಾತಕ್ಕೆ? ಅವನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಆಸನಗಳು ಬೆಳೆದದ್ದು ಹಠಯೋಗದ ದಾರಿಯಲ್ಲಿ. ಸ್ವಾತ್ಮಾರಾಮರ ಹಠಯೋಗ ಪ್ರದೀಪಿಕೆಯಲ್ಲಿ ಆಸನವೇ ಮೊದಲ ಅಂಗ. ಅದರಿಂದ ಸ್ಥಿರತೆ, ಆರೋಗ್ಯ, ಮೈ ಹಗುರವಾಗುವುದು ಅಂತ ಮೂರು ಫಲ ಹೇಳಿದ್ದಾರೆ. ಆರೋಗ್ಯಕ್ಕೆ ಆಸನ ಅನ್ನುವುದು ಈಗಿನವರು ಕಟ್ಟಿದ ಮಾತಲ್ಲ, ಶಾಸ್ತ್ರದಲ್ಲೇ ಇದೆ. ಆದರೆ ಆ ಗ್ರಂಥ ವರ್ಣಿಸುವುದು 15 ಆಸನಗಳನ್ನು, ಬಹುಪಾಲು ಕೂತು ಮಾಡುವವು, ನಿಂತು ಮಾಡುವುದು ಒಂದೂ ಇಲ್ಲ. ಘೇರಂಡ ಸಂಹಿತೆಗೆ ಬಂದರೆ 32. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಚಿತ್ರಸಮೇತ 122. ಮುಂದೆ ನಾಲ್ವಡಿಯವರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಅಲ್ಲಿ ಕಲಿಸಿದವರು ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು. ಅವರ 'ಯೋಗಮಕರಂದ' ಮೊದಲು ಬಂದದ್ದು ಕನ್ನಡದಲ್ಲೇ. ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರು, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರು ಅವರ ಶಿಷ್ಯರು. ಇವತ್ತು ಪ್ರಪಂಚದ ಮೂಲೆಮೂಲೆಯಲ್ಲಿ ಮಾಡುವ ಆಸನಗಳಲ್ಲಿ ಎಷ್ಟೋ ಆ ಒಂದು ಶಾಲೆಯಿಂದ ಹೊರಟವು.

ಮಗನಿಗೆ ಒಂದು ವಿಷಯ ತಿಳಿಸಿ. ದೇಹದ ನೇರ್ಪಿನ ವಿಷಯದಲ್ಲಿ ಬೆಳ್ಳೂರಿನ ಅಯ್ಯಂಗಾರ್ಯರಷ್ಟು ಕಟ್ಟುನಿಟ್ಟಿನವರು ಅಪರೂಪ. ಅವರೇ ಪುಣೆಯಲ್ಲಿ ಕಾಯಿಲೆಯವರಿಗೂ ವಯಸ್ಸಾದವರಿಗೂ ಆಸನ ಕಲಿಸುವಾಗ ಹಗ್ಗ, ಬೆಲ್ಟು, ಮರದ ದಿಮ್ಮಿ, ಕೊನೆಗೆ ಕುರ್ಚಿಯನ್ನೂ ಬಳಸಿದರು. ಪದ್ಮಾಸನ ಶ್ರೇಷ್ಠವೇ, ಬರುವವರು ಮಾಡಲಿ, ಎಳೆ ವಯಸ್ಸಿನಲ್ಲಿ ಅಭ್ಯಾಸವಾದರೆ ಮುಂದೆ ಗಂಟೆಗಟ್ಟಲೆ ಕೂರುವ ಶಕ್ತಿ ಬರುತ್ತದೆ. ಅದು ಬಾರದವರಿಗೆ ಧ್ಯಾನವಿಲ್ಲ ಅಂತ ಹೇಳುವ ಅಧಿಕಾರ ಯಾವ ತರಗತಿಗೂ ಇಲ್ಲ.

ರಾಕ್ಷಸರ ಪಾಲು ಅಂದರಲ್ಲ ಅಕ್ಕನವರು, ಅವರ ಮಾತಿನ ಹಿಂದೆ ಏನೂ ಇಲ್ಲ ಅಂತಲ್ಲ. ಬರಿಯ ನೆಲದಲ್ಲಿ, ಕಲ್ಲಿನ ಮೇಲೆ ಕೂತು ಜಪ ಮಾಡಬಾರದು, ಹಾಸಿಕೊಳ್ಳದೆ ಕೂತರೆ ಫಲ ಹೋಗುತ್ತದೆ ಅಂತ ಗ್ರಂಥಗಳಲ್ಲಿದೆ. ಅದು ಹಾಸಿನ ವಿಷಯ. ತಣ್ಣನೆಯ ನೆಲದಲ್ಲಿ ದಿನಾ ಕೂತವರಿಗೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಹಿರಿಯರು ಹೇಳಿದ ಆಸನವನ್ನು ಕಾಲಿಗೆ ಅನ್ವಯಿಸಿಕೊಂಡದ್ದರಿಂದ ಗೊಂದಲವಾಗಿದೆ. ಕುರ್ಚಿಯ ಮೇಲೆ ದರ್ಭಾಸನವನ್ನೋ ಮಡಿಯ ಕಂಬಳಿಯನ್ನೋ ಹಾಸಿ ಕೂತರೆ ಅಕ್ಕನವರ ನಿಯಮವೂ ಪಾಲನೆಯಾಯಿತು. ಗೀತೆಯಲ್ಲಿ ದರ್ಭೆ, ಅಜಿನ, ವಸ್ತ್ರ ಒಂದರ ಮೇಲೊಂದು ಹೇಳಿದೆ. ಅಜಿನ ಅಂತ ಇದೆಯೆಂದು ಜಿಂಕೆಯ ಚರ್ಮವನ್ನು, ಹುಲಿಯ ಚರ್ಮವನ್ನು ಹುಡುಕಿಕೊಂಡು ಹೋಗಬೇಡಿ, ಕೊಳ್ಳುವುದು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಕಂಬಳಿ ಸಾಕು.

ಕುರ್ಚಿ ಎಂಥದ್ದು ಅಂತಲೂ ಹೇಳಿಬಿಡುತ್ತೇನೆ. ಮರದ್ದು, ನಾಲ್ಕು ಕಾಲಿನದು, ಗಟ್ಟಿಯಾದದ್ದು. ಚಕ್ರದ ಕುರ್ಚಿ, ತಿರುಗುವ ಕುರ್ಚಿ ಬೇಡ. ತೀರಾ ಎತ್ತರವೂ ಬೇಡ, ತೀರಾ ತಗ್ಗೂ ಬೇಡ ಅಂತ ಗೀತೆಯಲ್ಲಿ ಹೇಳಿದ್ದು ಇದಕ್ಕೂ ಸರಿಹೋಗುತ್ತದೆ. ಎತ್ತರವಾದರೆ ಕಾಲು ಜೋತಾಡಿ ಮರಗಟ್ಟುತ್ತದೆ, ತಗ್ಗಾದರೆ ಏಳುವಾಗ ಮಂಡಿಯ ಮೇಲೆ ಭಾರ. ಪಾದ ನೆಲಕ್ಕೆ ತಾಗದಿದ್ದರೆ ಕೆಳಗೆ ಒಂದು ಮಣೆ ಇಟ್ಟುಕೊಳ್ಳಲಿ. ಈ ಕುರ್ಚಿ ಜಪಕ್ಕೆ ಮಾತ್ರ, ಊಟಕ್ಕೆ ಟಿವಿಗೆ ಬೇರೆ. ಇನ್ನೊಂದು, ದೇವರಿಗಿಂತ ಎತ್ತರದಲ್ಲಿ ಕೂತ ಹಾಗಾಗುತ್ತದಲ್ಲ ಅನ್ನುವ ಅಳುಕು ಬಹಳ ಜನಕ್ಕಿದೆ, ಅದು ಒಳ್ಳೆಯ ಅಳುಕೇ. ದೇವರ ಮಂಟಪವನ್ನು ಒಂದು ಮೇಜಿನ ಮೇಲೆ ಎದೆಮಟ್ಟಕ್ಕೆ ಎತ್ತರಿಸಿ ಇಡಿ. ಅವರು ಬಗ್ಗುವ ತೊಂದರೆಯೂ ತಪ್ಪುತ್ತದೆ.

ಆಚಮನಕ್ಕೆ ಕುಕ್ಕರುಗಾಲಿನಲ್ಲಿ ಕೂತು ಕೈಗಳನ್ನು ಮಂಡಿಗಳ ನಡುವೆ ಇಟ್ಟುಕೊಳ್ಳಬೇಕು ಅಂತ ವಿಧಿ. ಕುರ್ಚಿಯ ಮೇಲೆ ಕೂತೇ ಮಂಡಿಗಳ ನಡುವೆ ಕೈಯಿಟ್ಟು ಆಚಮನ ಮಾಡಬಹುದು. ಅದೂ ಆಗದ ದಿನ ಬಲಕಿವಿಯನ್ನು ಮುಟ್ಟಿಕೊಂಡರೆ ಆಚಮನಕ್ಕೆ ಸಮ ಅಂತ ಸ್ಮೃತಿಕಾರರೇ ದಾರಿ ತೋರಿಸಿದ್ದಾರೆ. ಅರ್ಘ್ಯವನ್ನು ನಿಂತು ಕೊಡಲಿ, ಎಡಗಡೆ ಹಿಡಿದುಕೊಳ್ಳಲು ಏನಾದರೂ ಇರಲಿ. ಬೆಳಗಿನ ಗಾಯತ್ರಿ ಜಪವನ್ನಂತೂ ನಿಂತು ಮಾಡಬೇಕು, ಸಂಜೆಯದನ್ನು ಕೂತು ಮಾಡಬೇಕು ಅಂತ ಮನುಸ್ಮೃತಿಯಲ್ಲೇ ಇದೆ. ಸೂರ್ಯ ಹುಟ್ಟುವ ತನಕ ನಿಂತು, ಸಂಜೆ ನಕ್ಷತ್ರ ಕಾಣುವ ತನಕ ಕೂತು. ಹುಟ್ಟಿ ಬರುವವನನ್ನು ಎದ್ದು ನಿಂತು ಎದುರುಗೊಳ್ಳುವುದು ಮರ್ಯಾದೆ ತಾನೆ? ಮುಂಜಾನೆಯ ಜಪಕ್ಕೆ ಅವರಿಗೆ ಕುರ್ಚಿಯೂ ಬೇಕಾಗದಿರಬಹುದು. ಎಷ್ಟು ಹೊತ್ತು ನಿಲ್ಲಬಹುದು ಅಂತ ಡಾಕ್ಟರನ್ನು ಕೇಳಿಕೊಳ್ಳಲಿ.

ಶನಿಯ ವಿಷಯ. ಕಾಲಪುರುಷನ ಅಂಗವಿಭಾಗದಲ್ಲಿ ಮಕರರಾಶಿ ಮಂಡಿಯ ಸ್ಥಾನ, ಅದರ ಅಧಿಪತಿ ಶನಿ, ಇದು ಶಾಸ್ತ್ರ. ಆದರೆ ಅರವತ್ತೆಂಟು ವರ್ಷ ನಡೆದ ಮಂಡಿ ಸವೆದರೆ ಅದಕ್ಕೆ ಜಾತಕ ಬಿಚ್ಚಬೇಕಾಗಿಲ್ಲ. ಅವರ ಜಾತಕ ನೀವು ಕಳಿಸಿಲ್ಲ, ಕಳಿಸುವುದೂ ಬೇಡ. ಶಾಂತಿಗೆ ಎತ್ತಿಟ್ಟ ಹಣದಲ್ಲಿ ಒಂದು ಒಳ್ಳೆಯ ಮರದ ಕುರ್ಚಿ ಮಾಡಿಸಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಉದ್ಯೋಗಿ. ದಿನಾ ಬೆಳಗ್ಗೆ ತರಗತಿಯಲ್ಲಿ 12 ಸೂರ್ಯನಮಸ್ಕಾರ ಮಾಡುತ್ತೇನೆ. ಇದು ಪೂಜೆ ಆಗುತ್ತದೆಯೇ, ಬರಿಯ ವ್ಯಾಯಾಮವೇ? ಅಮ್ಮ, ಹೆಂಗಸರು ಸಾಷ್ಟಾಂಗ ಹಾಕಬಾರದು ಅಂತ ಆಕ್ಷೇಪಿಸುತ್ತಾರೆ.
(ಓದುಗರೊಬ್ಬರು, ಮೈಸೂರು)

ಉತ್ತರ: ಹೆಸರು ಒಂದೇ ಆದರೂ ಬಂದ ದಾರಿ ಎರಡು, ಮಗಳೇ. ಒಂದು ನಮ್ಮ ಮನೆಗಳಲ್ಲಿ ರಥಸಪ್ತಮಿಗೆ, ಭಾನುವಾರಗಳಲ್ಲಿ ಮಾಡುವುದು. ಅರುಣಪ್ರಶ್ನ ಹೇಳುತ್ತಾ ನಮಸ್ಕಾರ ಮಾಡುವವರಿದ್ದಾರೆ. ತೃಚಕಲ್ಪದ ಪ್ರಕಾರ ಮಾಡುವವರೂ ಇದ್ದಾರೆ. ತೃಚ ಅಂದರೆ ಮೂರು ಋಕ್ಕುಗಳು, ಋಗ್ವೇದದ ಒಂದನೇ ಮಂಡಲದ 50ನೇ ಸೂಕ್ತದ ಕೊನೆಯವು. ಅವುಗಳಲ್ಲಿ ಸೂರ್ಯನನ್ನು ಬೇಡುವುದು ಏನು ಗೊತ್ತೇ? ಎದೆಯ ರೋಗವನ್ನೂ ಮೈ ಹಳದಿಯಾಗುವ ರೋಗವನ್ನೂ ನೀಗಿಸು ಅಂತ. ಪೂಜೆಯಲ್ಲೂ ಆರೋಗ್ಯದ ಪ್ರಾರ್ಥನೆಯೇ ಇದೆ. ಇನ್ನೊಂದು, ನೀವು ತರಗತಿಯಲ್ಲಿ ಮಾಡುವ, ಉಸಿರಿನ ಲೆಕ್ಕಕ್ಕೆ ಒಂದರ ಹಿಂದೊಂದು ಬರುವ ಆಸನಗಳ ಸರಣಿ. ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜರು ಭವಾನರಾವ್ ಪಂತ ಪ್ರತಿನಿಧಿಯವರು 1920ರ ದಶಕದಲ್ಲಿ ಅದನ್ನು ವ್ಯಾಯಾಮವಾಗಿ ಬಹಳ ಪ್ರಚಾರ ಮಾಡಿದರು.

ಎರಡಕ್ಕೂ ವ್ಯತ್ಯಾಸ ಎಲ್ಲಿದೆ ಅಂತ ಸಾಷ್ಟಾಂಗ ಅನ್ನುವ ಶಬ್ದವನ್ನೇ ಕೇಳಿ. ಎಂಟು ಅಂಗ ಅಂದರೆ ಎದೆ, ತಲೆ, ಕೈ, ಕಾಲು, ಮಂಡಿ ಇವು ಐದು. ಮಿಕ್ಕ ಮೂರು ದೃಷ್ಟಿ, ಮನಸ್ಸು, ಮಾತು. ತರಗತಿಯಲ್ಲಿ ಐದು ಅಂಗ ಚೆನ್ನಾಗಿಯೇ ನೆಲ ಮುಟ್ಟುತ್ತವೆ. ಮಿಕ್ಕ ಮೂರೂ ಸೂರ್ಯನ ಕಡೆ ಇದ್ದರೆ ನಿಮ್ಮದು ನಮಸ್ಕಾರ, ಮೊಬೈಲಿನ ಕಡೆ ಇದ್ದರೆ ವ್ಯಾಯಾಮ. ವ್ಯಾಯಾಮವೂ ಕೆಟ್ಟದ್ದಲ್ಲ, ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವರಿಗೆ ಬೇಕೇ ಬೇಕು. ನಮಸ್ಕಾರವಾಗಬೇಕು ಅನ್ನಿಸಿದರೆ ಸ್ನಾನ ಮಾಡಿ, ಪೂರ್ವಕ್ಕೆ ಮುಖ ಮಾಡಿ, ಒಂದೊಂದಕ್ಕೆ ಒಂದೊಂದರಂತೆ ಮಿತ್ರ, ರವಿ, ಸೂರ್ಯ, ಭಾನು ಅಂತ ಹನ್ನೆರಡು ನಾಮಗಳನ್ನು ಹೇಳಿಕೊಳ್ಳಿ. ಬೇರೆ ದೀಕ್ಷೆ ಏನೂ ಬೇಡ.

ಅಮ್ಮ ಹೇಳಿದ್ದು ಸಂಪ್ರದಾಯದ ಮಾತು. ದೇವರ ಮುಂದೆ, ಹಿರಿಯರ ಮುಂದೆ ಹೆಂಗಸರು ಮಂಡಿಯೂರಿ ಪಂಚಾಂಗ ನಮಸ್ಕಾರ ಮಾಡುವುದು ರೂಢಿ, ಅದನ್ನು ಹಾಗೇ ಇಟ್ಟುಕೊಳ್ಳಿ. ತರಗತಿಯ ಅಭ್ಯಾಸಕ್ಕೆ ಆ ನಿಯಮ ತಗುಲುವುದಿಲ್ಲ. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ಮಾಡಬಾರದು.

ಪ್ರಶ್ನೆ: ಮನೆಯೊಳಗೆ ಶವಾಸನ ಹಾಕಿದರೆ ಅಶುಭ ಅಂತಾರೆ, ನಿಜವೇ? ಯೋಗದ ಮ್ಯಾಟ್ ಮೇಲೆಯೇ ಕೂತು ಜಪ ಮಾಡಬಹುದೇ?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಹೆಸರು ಕೇಳಿ ಹೆದರಿದ್ದೀರಿ. ಹಿಂದೆ ಹೇಳಿದ ಪ್ರದೀಪಿಕೆಯ 15 ಆಸನಗಳಲ್ಲಿ ಶವಾಸನವೂ ಒಂದು, ದಣಿವನ್ನು ಕಳೆದು ಚಿತ್ತಕ್ಕೆ ವಿಶ್ರಾಂತಿ ಕೊಡುತ್ತದೆ ಅಂತ ಅದರ ಫಲ. ಅಶುಭವಾಗಿದ್ದರೆ ಶಾಸ್ತ್ರಕಾರರು ಸೇರಿಸುತ್ತಿರಲಿಲ್ಲ. ಹೆಸರು ಹೇಳಲು ಮನೆಯ ಹಿರಿಯರಿಗೆ ಕಸಿವಿಸಿಯಾದರೆ ಹೇಳಬೇಡಿ, ಸುಮ್ಮನೆ ಮಲಗಿ. ನಿದ್ರೆ ಹೋಗುವುದಕ್ಕಲ್ಲ ಅದು, ಎಚ್ಚರವಾಗಿದ್ದು ಮೈ ಬಿಡುವುದಕ್ಕೆ.

ಮ್ಯಾಟ್ ಮೇಲೆ ಬೆವರು ಬಿದ್ದಿರುತ್ತದೆ, ಪಾದ ಇಟ್ಟಿರುತ್ತೀರಿ. ಜಪಕ್ಕೆ ಬೇರೆ ಹಾಸು ಇಟ್ಟುಕೊಳ್ಳುವುದು ಒಳ್ಳೆಯದು, ಒಂದು ಚಾಪೆ, ಅದರ ಮೇಲೆ ಒಗೆದ ಬಟ್ಟೆ ಅಷ್ಟೇ. ಪ್ರಯಾಣದಲ್ಲಿದ್ದು ಬೇರೇನೂ ಸಿಗದಿದ್ದರೆ ಮ್ಯಾಟ್ ಮೇಲೆಯೇ ಶುದ್ಧವಾದ ಒಂದು ವಸ್ತ್ರ ಹಾಸಿ ಕೂರಬಹುದು. ಮಲಗುವಾಗ ಉತ್ತರಕ್ಕೆ ತಲೆ ಹಾಕಬಾರದು ಅನ್ನುವ ರೂಢಿಯನ್ನು ಶವಾಸನಕ್ಕೂ ಪಾಲಿಸಿ; ಪೂರ್ವಕ್ಕೋ ದಕ್ಷಿಣಕ್ಕೋ ತಲೆ ಇರಲಿ, ಕಾಲು ದೇವರ ಕೋಣೆಯ ಕಡೆ ಬಾರದಂತೆ ನೋಡಿಕೊಳ್ಳಿ.